ಮಳೆಕಾಡಿಗೆ ಹೊರಟವಳ ಮೇಲೊಂದು ತಕರಾರು

ಸರ್ಕಾರಿ ಶಾಲೆಯ ಮೇಷ್ಟರಿಗೆ ಪಾಠ ಮಾಡಲು ಬರುತ್ತದೋ ಇಲ್ಲವೋ ಎಂಬ ವಿಷಯದಲ್ಲಿ ಜನರಿಗೆ ಅನುಮಾನವಿರಬಹುದು. ಎಣಿಸಲು ಬರುತ್ತದೆ ಎಂಬ ವಿಷಯದಲ್ಲಿ ಸರ್ಕಾರಕ್ಕಂತೂ ಎಳ್ಳಷ್ಟೂ ಅನುಮಾನವಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಎಣಿಸದೆ ಬಿಟ್ಟದ್ದು ಏನಾದರೂ ಇದ್ದರೆ ಅದು ನನ್ನ ತಲೆಯ ಬಿಳಿಕೂದಲು ಮಾತ್ರ. ಜನರನ್ನು ಎಣಿಸಿದ್ದೇನೆ. ಮತದಾರರನ್ನು ಎಣಿಸಿದ್ದೇನೆ. ಶಾಲೆ ಬಿಟ್ಟ ಮಕ್ಕಳನ್ನು, ಇರುವ ಶೌಚಾಲಯಗಳನ್ನು, ಇದ್ದೂ ಸೌದೆ ತುಂಬಿಟ್ಟಿರುವ ಶೌಚಾಲಯಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದೇನೆ. ಒಮ್ಮೆ ಮನೆಯಲ್ಲಿ ಸಾಕಿದ ಕೋಳಿಗಳೆಷ್ಟು ಎಂಬ ಕಾಲಮ್ಮು ತುಂಬಿಸಲು ಹೋದಾಗ ಆ ಮನೆಯಾಕೆ ಬಹಳ ಹೊತ್ತು ಯೋಚಿಸಿ, "ಈಗ ಹನ್ನೆರಡು ಅಂತ ಬರ್ಕೊಳ್ಳಿ ಮೇಡಮ್, ಸಾಯಂಕಾಲ ಬೀಗರು ಬತ್ತಾವ್ರೆ, ಆಮೇಲೆ ಬಂದ್ರೆ ಹನ್ನೊಂದು" ಎಂದಳು. ಅಷ್ಟು ಪ್ರಾಮಾಣಿಕವಾದ ಉತ್ತರ ನನಗೆ ಆಮೇಲೆ ಯಾವ ಸಮೀಕ್ಷೆಯಲ್ಲೂ ಸಿಕ್ಕಿಲ್ಲ.

ಇಷ್ಟೆಲ್ಲ ಎಣಿಸುವ ನಡುವೆ ನಾನು ವಿಜ್ಞಾನ ಪಾಠವನ್ನೂ ಮಾಡುತ್ತೇನೆ. ನಂದಗುಡಿ ಹೋಬಳಿಯ ಒಂದು ಹಳ್ಳಿಯ ಪ್ರೌಢಶಾಲೆ ನಮ್ಮದು. ದಿನವೂ ಹೊಸಕೋಟೆಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಎಂಟನೇ ತರಗತಿಯವರಿಗೆ ಪ್ರತಿ ವರ್ಷ ಮಳೆಕಾಡಿನ ಚಿತ್ರ ಬರೆದು ತೋರಿಸುವುದು ನನ್ನ ಹೆಮ್ಮೆ. ಕಪ್ಪುಹಲಗೆಯ ಮೇಲೆ ನಾಲ್ಕು ಅಂತಸ್ತು: ನೆಲ, ಅದರ ಮೇಲೆ ಪೊದೆ, ಅದರ ಮೇಲೆ ಕೊಂಬೆಗಳ ಚಪ್ಪರ, ಎಲ್ಲಕ್ಕಿಂತ ಮೇಲೆ ತಲೆಯೆತ್ತಿ ನಿಂತ ದೈತ್ಯ ಮರಗಳು. ಹಸಿರು ಸೀಮೆಸುಣ್ಣ ವರ್ಷಕ್ಕೆ ಒಂದೇ ಡಬ್ಬ ಬರುವುದರಿಂದ ಅದಷ್ಟನ್ನೂ ಆ ಒಂದು ಪಾಠಕ್ಕೆ ಸುರಿದುಬಿಡುತ್ತೇನೆ. ಹೀಗೆ ಇಪ್ಪತ್ತಾರು ಸಲ ಮಳೆಕಾಡು ಬೆಳೆಸಿ, ಪೀರಿಯಡ್ಡಿನ ಗಂಟೆ ಹೊಡೆದ ಮೇಲೆ ಡಸ್ಟರಿನಿಂದ ಕಡಿದು ಹಾಕಿದ್ದೇನೆ. ಕಣ್ಣಿನಿಂದ ಒಂದೇ ಒಂದು ಸಲವೂ ನೋಡಿಲ್ಲ. ನನಗೀಗ ಐವತ್ತೆರಡು. ಬಲ ಮಂಡಿ ಮೆಟ್ಟಿಲು ಹತ್ತುವಾಗ ಮಾತಾಡಲು ಶುರುಮಾಡಿದೆ. ಈಗ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಎಂದು ನನಗೆ ಗೊತ್ತು.

ಹೋಗಬೇಕೆಂದು ಹಟ ಹಿಡಿದದ್ದು ಇದೇ ಮೊದಲಲ್ಲ. ಮೊದಲ ಸಲ ಹೊರಟಾಗ ಬೇಸಿಗೆ ರಜೆಯನ್ನು ಮತದಾರರ ಪಟ್ಟಿ ನುಂಗಿತು. ಎರಡನೇ ಸಲ ದಸರಾ ರಜೆಯನ್ನು ಮನೆಮನೆ ಸಮೀಕ್ಷೆ ನುಂಗಿತು. ಆ ಸಲ ಕಾಡಿನ ಬದಲು ಮುನ್ನೂರು ಮನೆಗಳ ಹೊಸ್ತಿಲು ನೋಡಿದೆ. ಹದಿನೇಳು ಕಡೆ ನಾಯಿಗಳು ಅಟ್ಟಿಸಿಕೊಂಡು ಬಂದವು. ಈ ಸಲ ಮಾತ್ರ ಯಾರು ಬಂದು ಏನು ಎಣಿಸು ಎಂದರೂ ಎಣಿಸುವುದಿಲ್ಲ, ಹೋಗಿಯೇ ತೀರುತ್ತೇನೆ ಎಂದು ಜೂನ್ ತಿಂಗಳಲ್ಲೇ ಮನೆಯಲ್ಲಿ ಘೋಷಿಸಿದೆ. ಅದೂ ಹತ್ತಿರದ ಕಾಡಲ್ಲ. ದೇಶದ ಈಶಾನ್ಯ ಮೂಲೆಯಲ್ಲಿ ಅರುಣಾಚಲದ ಒಳಗೆ ಬಹಳ ದೂರ ಹೋಗಬೇಕಾದ ರಾಷ್ಟ್ರೀಯ ಉದ್ಯಾನ. ವಿಮಾನ ಇಳಿದು ಜೀಪು, ಜೀಪು ಇಳಿದು ದೋಣಿ, ದೋಣಿ ಇಳಿದ ಮೇಲೆ ನಮ್ಮ ಕಾಲು. ಬೆಂಗಳೂರಿನ ಹಕ್ಕಿ ನೋಡುವವರ ಗುಂಪೊಂದು ದಸರಾ ರಜೆಗೆ ಹೊರಟಿತ್ತು, ನಾನೂ ಹೆಸರು ಕೊಟ್ಟೆ.

ನನ್ನ ಯಜಮಾನರು ಅನ್ವರ್ ಸಾಹೇಬರಿಗೆ ಹೊಸಕೋಟೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರಿನ ಅರ್ಧ ಜನಕ್ಕೆ ದೂರದ್ದು ಕಾಣುವಂತೆ ಮಾಡಿದವರು. ತಾವು ಮಾತ್ರ ಕೋಲಾರದಿಂದ ಆಚೆ ಏನನ್ನೂ ನೋಡುವ ಆಸೆ ಇಟ್ಟುಕೊಂಡವರಲ್ಲ. ಸುದ್ದಿ ಕೇಳಿ ತಟ್ಟೆಯಿಂದ ಕೈ ತೆಗೆದು, "ಕೈಕು ಜಾರೀ ಉತ್ತೇ ದೂರ?" ಎಂದರು. ಅಷ್ಟು ದೂರ ಯಾಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಟಿವಿಯಲ್ಲಿ ಎಲ್ಲ ಕಾಡೂ ತೋರಿಸುತ್ತಾರೆ, ಜಿಗಣೆ ಕಚ್ಚುವುದಿಲ್ಲ, ಮಧ್ಯೆ ಚಹಾ ಕೂಡ ಕುಡಿಯಬಹುದು ಎಂಬುದು ಅವರ ವಾದ. ನಾನು, "ನಿಮ್ಮ ಅಂಗಡಿಗೆ ಬಂದವರಿಗೆ ಕನ್ನಡಕ ಯಾಕೆ, ಪಕ್ಕದವರನ್ನ ಕೇಳಿ ತಿಳ್ಕೊಳ್ಳಿ ಅಂತೀರಾ?" ಎಂದೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಅಂಗಡಿಯಿಂದ ಬರುವಾಗ ಒಂದು ಹಳೆಯ ದುರ್ಬೀನು ತಂದರು. ಯಾರೋ ಗಿರಾಕಿ ಎಂಟು ವರ್ಷದ ಹಿಂದೆ ರಿಪೇರಿಗೆ ಕೊಟ್ಟು ಮರೆತುಹೋದದ್ದು. ಗಾಜನ್ನು ತಾವೇ ಒರೆಸಿ ಪಳಪಳ ಮಾಡಿಟ್ಟಿದ್ದರು. "ನಾನು ಒಪ್ಪಿದೆ ಅಂತ ಅಲ್ಲ. ನೋಡೋದಾದ್ರೆ ಸರಿಯಾಗಿ ನೋಡು," ಎಂದು ಹೇಳಿ ಕೈ ತೊಳೆಯಲು ಹೋದರು.

ಗುಂಪಿನವರು ಕಳುಹಿಸಿದ ಸೂಚನೆಗಳ ಪಟ್ಟಿ ನಮ್ಮ ಇಲಾಖೆಯ ಸುತ್ತೋಲೆಗಿಂತ ಉದ್ದವಾಗಿತ್ತು. ಮಂಡಿಯವರೆಗೆ ಬರುವ ಗಂಬೂಟು ಕೊಳ್ಳಬೇಕು. ಹೊಸ ಬೂಟು ಕಾಲು ಕಡಿಯುತ್ತದೆ, ಆದ್ದರಿಂದ ಎರಡು ತಿಂಗಳು ಮೊದಲೇ ಹಾಕಿಕೊಂಡು ನಡೆದು ಪಳಗಿಸಬೇಕು. ಬೆನ್ನ ಮೇಲೆ ಐದು ಕೆಜಿ ಭಾರ ಹೊತ್ತು ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯಬೇಕು. ಕಂಡ ಹಕ್ಕಿಗಳ ಹೆಸರು, ಜಾಗ, ಸಂಖ್ಯೆ ಬರೆದುಕೊಳ್ಳುವ ಅಭ್ಯಾಸ ಮಾಡಬೇಕು. ಹೊಸಕೋಟೆಯ ರಸ್ತೆಯಲ್ಲಿ ಲಾರಿಗಳ ನಡುವೆ ಗಂಬೂಟು ಹಾಕಿಕೊಂಡು ನಡೆಯುವ ಧೈರ್ಯ ನನಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ಒಂದೂವರೆ ಗಂಟೆ ಸಿಗುತ್ತದೆ. ನಮ್ಮ ಹಳ್ಳಿಯ ಕೆರೆ ಏರಿ ಇದೆ, ಅದರಾಚೆ ರಾಗಿ ಹೊಲಗಳ ನಡುವಿನ ಕಾಲುದಾರಿ ಇದೆ. ಚೂಡಿದಾರದ ಕೆಳಗೆ ಕಪ್ಪು ಗಂಬೂಟು, ದುಪಟ್ಟಾದ ಮೇಲೆ ಹ್ಯಾಟು, ಕೊರಳಲ್ಲಿ ದುರ್ಬೀನು, ಬೆನ್ನಿಗೆ ಐದು ಕೆಜಿ ರಾಗಿ ಹಿಟ್ಟಿನ ಚೀಲ, ಕೈಯಲ್ಲಿ ನೋಟ್‌ಬುಕ್ಕು. ಹಾಗೆ ಹೊರಟ ಮೊದಲ ದಿನ ಒಂದು ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದ್ದು ಬಿಟ್ಟರೆ ಬೇರೆ ಅನಾಹುತವಾಗಲಿಲ್ಲ.

ಅನಾಹುತ ಮಾಡಿದ್ದು ನನ್ನ ಶಿಸ್ತು. ನಾಲ್ಕು ಕಿಲೋಮೀಟರ್ ಆಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಇದೆ ನಿಜ, ಆದರೆ ಆ ಹೊಲಗಳ ನಡುವೆ ಅದು ಒಮ್ಮೆ ನನ್ನನ್ನು ಚಿಂತಾಮಣಿಯಲ್ಲಿ ತೋರಿಸಿತು. ಎಣಿಸುವುದರಲ್ಲಿ ಪಳಗಿದ ನಾನು ಯಂತ್ರವನ್ನು ಯಾಕೆ ನಂಬಲಿ? ನೂರೈವತ್ತು ಹೆಜ್ಜೆಗೊಂದರಂತೆ ದಾರಿ ಬದಿಯ ಕಲ್ಲುಗಳನ್ನು ಆರಿಸಿ, ಶಾಲೆಯಲ್ಲಿ ಉಳಿದಿದ್ದ ಸುಣ್ಣ ಬಳಿದು, ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ದುಂಡಗೆ ನಂಬರು ಬರೆದೆ. ನನ್ನ ಅಕ್ಷರ ಚೆನ್ನ. ದೂರದಿಂದಲೇ ಕಾಣುತ್ತಿತ್ತು. ನಲವತ್ತೊಂದು ಕಲ್ಲು ಮುಗಿಸಿ ಏರಿಯ ಮೇಲೆ ನಿಂತು ನೋಡಿದಾಗ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ.

ನಮ್ಮ ಸೀಮೆಯನ್ನು ಬಲ್ಲವರು ಇಷ್ಟು ಹೊತ್ತಿಗೆ ಹಣೆ ಚಚ್ಚಿಕೊಂಡಿರುತ್ತಾರೆ. ಈ ಕಡೆಯ ಹಳ್ಳಿಗಳಲ್ಲಿ ಯಾವ ದಿನ ಯಾವ ಯೋಜನೆಗೆ ಯಾರ ಜಮೀನು ಹೋಗುತ್ತದೆ ಎಂಬುದು ಮಳೆಯಷ್ಟೇ ನಂಬಿಕೆಯಿಲ್ಲದ ವಿಷಯ. ಮೊದಲು ಒಂದು ಜೀಪು ಬರುತ್ತದೆ, ಆಮೇಲೆ ದುರ್ಬೀನಿನಂಥದ್ದನ್ನು ಮುಕ್ಕಾಲಿಯ ಮೇಲಿಟ್ಟು ನೋಡುವವರು ಬರುತ್ತಾರೆ, ಆಮೇಲೆ ಹೊಲದಲ್ಲಿ ನಂಬರು ಹಾಕಿದ ಕಲ್ಲು ಕಾಣಿಸುತ್ತದೆ. ಕಲ್ಲು ಕಂಡ ಮೇಲೆ ಆ ಮನೆಯಲ್ಲಿ ಯಾರಿಗೂ ನಿದ್ದೆಯಿರುವುದಿಲ್ಲ. ವಿಜ್ಞಾನ ಓದಿದ ನನಗೆ ಇದು ಹೊಳೆಯಲೇ ಇಲ್ಲ. ನನ್ನ ತಲೆಯ ತುಂಬ ಅರುಣಾಚಲವಿತ್ತು.

ಮೊದಲು ಬದಲಾದದ್ದು ಮಧ್ಯಾಹ್ನದ ಸಾರು. ನಮ್ಮ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು ಮುನಿಯಮ್ಮ. ಅರವತ್ತು ವರ್ಷ, ಐದಡಿ ಇಲ್ಲ, ಆದರೆ ಸೌಟು ಹಿಡಿದು ನಿಂತರೆ ಹೆಡ್‌ಮಾಸ್ಟರೂ ಸಾಲಿನಲ್ಲಿ ನಿಲ್ಲುತ್ತಾರೆ. ನನ್ನ ಮೇಲೆ ಆಕೆಗೆ ಪ್ರೀತಿ. ಸೊಪ್ಪಿನ ಸಾರು ಮಾಡಿದ ದಿನ ತಳದ ಗಟ್ಟಿ ಸಾರು ನನಗೆಂದೇ ಎತ್ತಿಡುತ್ತಿದ್ದರು. ಒಂದು ಸೋಮವಾರ ನನ್ನ ತಟ್ಟೆಗೆ ಮೇಲಿನ ತಿಳಿ ಬಿತ್ತು. ಮಂಗಳವಾರವೂ ತಿಳಿ. ಬುಧವಾರ ಒಬ್ಬ ಜಮೀನು ದಲ್ಲಾಳಿ ಸ್ಕೂಟರಿನಲ್ಲಿ ಬಂದು, ಎಳನೀರು ಕೊಚ್ಚಿ ಕೊಟ್ಟು, "ಮೇಡಮ್, ಏರಿಯಿಂದ ಎಡಕ್ಕಾ ಬಲಕ್ಕಾ? ಅಷ್ಟು ಹೇಳಿ ಸಾಕು," ಎಂದು ಪಿಸುಗುಟ್ಟಿದ. ಹಕ್ಕಿಯ ಬಗ್ಗೆ ಕೇಳುತ್ತಿದ್ದಾನೆಂದು ತಿಳಿದು ನಾನು, "ಎಡಕ್ಕೇ ಜಾಸ್ತಿ ಇದೆ," ಎಂದುಬಿಟ್ಟೆ. ಎಡಕ್ಕೆ ಮುನಿಯಮ್ಮನ ಹೊಲ.

ಗುರುವಾರ ಸಂಜೆ ಹದಿನಾಲ್ಕನೇ ಕಲ್ಲಿನ ಹತ್ತಿರ ಮುನಿಯಮ್ಮ ಅಡ್ಡ ನಿಂತಿದ್ದರು. ಕೈಯಲ್ಲಿ ಕುಡುಗೋಲು. ಹುಲ್ಲು ಕೊಯ್ಯಲು ಬಂದದ್ದೇ ಇರಬೇಕು, ಆದರೂ ನನ್ನ ಗಂಬೂಟು ತಾನಾಗಿಯೇ ನಿಂತಿತು.

"ಏನ್ ಬರ್ಕೊಂಡ್ರಿ ಮೇಡಮ್ಮೋರೆ ನಮ್ ಹೊಲದಾಗೆ?"

"ಹಕ್ಕಿ ಮುನಿಯಮ್ಮ. ನೋಡಿ ಬೇಕಾದ್ರೆ," ಎಂದು ನೋಟ್‌ಬುಕ್ಕು ತೆರೆದು ಓದಿದೆ. "ಮು. ಹೊಲ: ಗೊರವಂಕ ಆರು, ಕಾಜಾಣ ಎರಡು, ಕೆಂಬೂತ ಒಂದು. ತಂತಿ ಮೇಲೆ ನೀಲಕಂಠ ಒಂದು."

"ಹಕ್ಕಿ ಎಣಿಸೋಕೆ ಕಲ್ಲಿಗ್ಯಾಕೆ ನಂಬರು?"

ನಾನು ಅರುಣಾಚಲದಿಂದ ಶುರುಮಾಡಿದೆ. ಮಳೆಕಾಡು, ನಾಲ್ಕು ಅಂತಸ್ತು, ಜಿಗಣೆ, ಬೂಟು ಪಳಗಿಸುವುದು ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಕಿವಿಗೇ ಅದು ಹಸಿ ಸುಳ್ಳಿನ ಹಾಗೆ ಕೇಳತೊಡಗಿತು. ಮುನಿಯಮ್ಮ ಪೂರ್ತಿ ಕೇಳಿಸಿಕೊಂಡು, "ಜನ ಎಣಿಸೋಕೂ ನಿಮ್ಮನ್ನೇ ಕಳಿಸ್ತಾರೆ, ಓಟು ಎಣಿಸೋಕೂ ನಿಮ್ಮನ್ನೇ ಕಳಿಸ್ತಾರೆ. ಜಮೀನು ಎಣಿಸೋಕೆ ಬೇರೆಯೋರು ಬತ್ತಾರಾ? ಮೇಲಿನೋರು ಹೇಳ್ಬೇಡಿ ಅಂದಿರ್ತಾರೆ, ನೀವು ಹೇಳಲ್ಲ. ನಿಮ್ದೇನು ತಪ್ಪಿಲ್ಲ ಬಿಡಿ," ಎಂದರು. ಆಮೇಲೆ ದನಿ ತಗ್ಗಿಸಿ, "ಕಲ್ಲು ಕಂಡ ದಿನದಿಂದ ನಮ್ಮೆಜಮಾನ್ರು ನೆಟ್ಟಗೆ ಉಂಡಿಲ್ಲ ಕಣವ್ವ," ಎಂದರು.

ಅದುವರೆಗೆ ಮೇಡಮ್ಮೋರೆ ಆಗಿದ್ದವಳು ಕಣವ್ವ ಆದದ್ದಕ್ಕೆ ನನಗೆ ಸೌಟಿನಿಂದ ಹೊಡೆದಷ್ಟು ನೋವಾಯಿತು. ಬಯ್ದಿದ್ದರೆ ತಿರುಗಿ ಜಗಳವಾಡಬಹುದಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಮರುದಿನವೇ ಬಕೆಟ್ಟು, ತೆಂಗಿನ ನಾರು ಹಿಡಿದು ಹೋಗಿ ಒಂದೊಂದೇ ಕಲ್ಲನ್ನು ಉಜ್ಜಿ ತೊಳೆದೆ. ನಲವತ್ತೊಂದನ್ನೂ. ಊರಿನವರು ಏರಿಯ ಮೇಲೆ ಸಾಲಾಗಿ ಕುಳಿತು ನೋಡಿದರು. ವಿಷಯ ಹೊರಗೆ ಬಿತ್ತು, ಅದಕ್ಕೇ ಮೇಡಮ್ಮು ಸಾಕ್ಷಿ ಅಳಿಸುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಸಂಜೆಯೊಳಗೆ ಬಂದರು.

ಸುದ್ದಿಗೆ ಕಾಲಿಲ್ಲ, ಆದರೂ ನನಗಿಂತ ಬೇಗ ತಾಲ್ಲೂಕು ತಲುಪಿತು. ಹೆಡ್‌ಮಾಸ್ಟರು ನನ್ನನ್ನು ಕೋಣೆಗೆ ಕರೆದು, ಕುಳಿತುಕೊಳ್ಳಿ ಎಂದು ಹೇಳಿ, ತಾವು ಎದ್ದು ನಿಂತರು. ಕೆಟ್ಟ ಸುದ್ದಿ ಹೇಳುವಾಗ ಅವರ ಪದ್ಧತಿ ಅದು. ದಸರಾ ರಜೆಯಲ್ಲಿ ಬೆಳೆ ಸಮೀಕ್ಷೆಗೆ ಒಬ್ಬ ಶಿಕ್ಷಕರು ಬೇಕಂತೆ. ನಿಮ್ಮ ಶಾಲೆಯ ಒಬ್ಬ ಮೇಡಮ್ಮು ಈಗಾಗಲೇ ಸ್ವಂತ ಆಸಕ್ತಿಯಿಂದ ಹೊಲ ಸುತ್ತುತ್ತಿದ್ದಾರೆ ಎಂದು ಕೇಳಿದೆವು, ಅವರನ್ನೇ ಹಾಕಿ ಎಂದು ಫೋನು ಬಂತಂತೆ. "ಶಾಹಿನಾ ಮೇಡಂ, ತಾಲ್ಲೂಕಿನವರಿಗೆ ನಿಮ್ಮ ಬಗ್ಗೆ ಬಹಳ ಒಳ್ಳೇ ಅಭಿಪ್ರಾಯ ಇದೆ," ಎಂದು ಪಾಪ ಸಮಾಧಾನ ಹೇಳಿದರು.

ನಾನು ಆ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ವಿದ್ಯಾರ್ಥಿಗಳು ಓದಬಹುದು. ಒಟ್ಟು ಸಾರಾಂಶ, ನಾನು ಹೋಗುತ್ತೇನೆ, ನೌಕರಿ ಬೇಕಾದರೆ ತೆಗೆಯಿರಿ ಎಂದು. ಹೆಡ್‌ಮಾಸ್ಟರು ಕಿಟಕಿಯ ಕಡೆ ನೋಡುತ್ತಾ, ಇಂಥ ಡ್ಯೂಟಿ ತಪ್ಪುವುದಕ್ಕೆ ದಾರಿ ಎರಡೇ ಎಂದರು. ಒಂದು, ಡಾಕ್ಟರ ಸರ್ಟಿಫಿಕೇಟು. ಆದರೆ ನೀವು ಬೂಟು ಹಾಕಿಕೊಂಡು ದಿನಾ ನಾಲ್ಕು ಕಿಲೋಮೀಟರ್ ನಡೆಯುವುದನ್ನು ಇಡೀ ಹೋಬಳಿ ನೋಡಿದೆ. ಇನ್ನೊಂದು, ಆ ಊರಿನವರೇ ಈ ಮೇಡಮ್ಮು ಬೇಡ ಎಂದು ಬರೆದುಕೊಟ್ಟರೆ. "ಹಂಗ್ಯಾರು ಬರೆದುಕೊಡ್ತಾರೆ ಬಿಡಿ," ಎಂದು ನಿಟ್ಟುಸಿರು ಬಿಟ್ಟರು.

ಅಲ್ಲಾಹನ ಮೇಲಾಣೆ, ನಾನು ಯಾರನ್ನೂ ಕೇಳಲಿಲ್ಲ. ಸಮೀಕ್ಷೆಗೂ ನಾನೇ ಎಂಬ ಸುದ್ದಿ ಅಷ್ಟರಲ್ಲಿ ಊರು ಮುಟ್ಟಿತ್ತು. ಮರುದಿನ ಊಟದ ವಿರಾಮದಲ್ಲಿ ಮುನಿಯಮ್ಮ ಒಂದು ಬಿಳಿ ಹಾಳೆ ಹಿಡಿದು, ಹಿಂದೆ ಏಳೆಂಟು ಜನರನ್ನು ಕಟ್ಟಿಕೊಂಡು ತಾವಾಗಿಯೇ ಬಂದರು. ನಮ್ಮ ಹಳ್ಳಿಯಲ್ಲಿ ಅರ್ಜಿ ಬರೆದುಕೊಡುವವಳು ಮೊದಲಿನಿಂದಲೂ ನಾನೇ. ಪಿಂಚಣಿಯದ್ದು, ಬೀದಿದೀಪದ್ದು, ಬೋರ್‌ವೆಲ್ಲಿನದ್ದು, ಎಲ್ಲ ನನ್ನ ಕೈಬರಹದಲ್ಲೇ ಮೇಲಕ್ಕೆ ಹೋಗಿವೆ.

"ಒಂದು ತಕರಾರು ಅರ್ಜಿ ಬರ್ಕೊಡಿ ಮೇಡಮ್ಮೋರೆ," ಎಂದರು.

"ಯಾರ ಮೇಲೆ?"

"ನಿಮ್ಮ ಮೇಲೇಯ."

ನಾನು ಅವರ ಮುಖ ನೋಡಿದೆ. ತಮಾಷೆಯ ಸುಳಿವೂ ಇರಲಿಲ್ಲ. "ನನ್ನ ಮೇಲಿನ ಅರ್ಜಿ ನಾನೇ ಬರೀಲಾ?"

"ಇನ್ಯಾರ್ ಬರೀತಾರೆ? ನೀವ್ ಬರೆದಿದ್ದು ಒಂದೂ ವಾಪಸ್ ಬಂದಿಲ್ಲ," ಎಂದರು ಮುನಿಯಮ್ಮ. ಹಿಂದಿದ್ದವರು ಹೌದೌದು ಎಂದು ತಲೆಯಾಡಿಸಿದರು.

ಇಂಥ ಪ್ರಶಂಸೆ ಕೇಳಿ ಇಲ್ಲವೆನ್ನುವ ಶಕ್ತಿ ಯಾರಿಗಿದೆ? ಮೇಲಾಗಿ ಅರುಣಾಚಲದ ಬಾಗಿಲು ನನ್ನ ಪೆನ್ನಿನ ತುದಿಯಲ್ಲೇ ತೆರೆಯುತ್ತಿತ್ತು. ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ 'ಸದರಿ ಶಿಕ್ಷಕಿಯವರು ಉತ್ತಮ ಸ್ವಭಾವದವರಾಗಿದ್ದರೂ' ಎಂದು ಶುರುಮಾಡಿದ್ದೆ. ಓದಿ ಹೇಳಿದಾಗ ಮುನಿಯಮ್ಮ, "ಇಷ್ಟು ಮೆತ್ತಗೆ ಬರೆದ್ರೆ ಯಾರೂ ಕೇಳಲ್ಲ. ಬೀದಿದೀಪಕ್ಕೆ ಬರೆದಿದ್ರಲ್ಲ, ಹಂಗ್ ಬರೀರಿ," ಎಂದು ತಿದ್ದಿದರು. ಸರಿ, ಬೀದಿದೀಪದ ಗತ್ತಿಗೆ ಬಂದೆ. ಸದರಿ ಶಿಕ್ಷಕಿಯು ವಿಚಿತ್ರ ವೇಷ ಧರಿಸಿ, ಕೊರಳಿಗೆ ದುರ್ಬೀನು ಹಾಕಿಕೊಂಡು, ರೈತರ ಹೊಲಗಳಲ್ಲಿ ಅನುಮಾನಾಸ್ಪದವಾಗಿ ಸುಳಿದಾಡುತ್ತಿದ್ದು, ಕಲ್ಲುಗಳಿಗೆ ನಂಬರು ಹಾಕಿ ಗ್ರಾಮದ ನೆಮ್ಮದಿ ಕದಡಿರುತ್ತಾರೆ. ಕೈಗೆ ಬಿಸಿ ಹತ್ತಿತು. ಜಾನುವಾರುಗಳು ಬೆದರಿರುತ್ತವೆ ಎಂದು ಎಮ್ಮೆಯನ್ನೂ ಸೇರಿಸಿದೆ. ಕೊನೆಗೆ, ಆದ್ದರಿಂದ ಸದರಿಯವರನ್ನು ಯಾವುದೇ ಸಮೀಕ್ಷೆಗೆ ನಿಯೋಜಿಸಬಾರದೆಂದೂ, ಇನ್ನು ಮುಂದೆ ಗ್ರಾಮಸ್ಥರ ಲಿಖಿತ ಅನುಮತಿಯಿಲ್ಲದೆ ನಮ್ಮ ಹೊಲ, ಕಾಲುದಾರಿ ಹಾಗೂ ಕೆರೆ ಏರಿಯ ಮೇಲೆ ಅವರು ಕಾಲಿಡದಂತೆ ಆದೇಶಿಸಬೇಕೆಂದೂ ಪ್ರಾರ್ಥಿಸುತ್ತೇವೆ. ಈ ಕೊನೆಯ ಭಾಗವನ್ನು ಯಾರೂ ಕೇಳಿರಲಿಲ್ಲ. ಅರ್ಜಿಗೊಂದು ಒಳ್ಳೆಯ ಮುಕ್ತಾಯ ಇರಲಿ ಎಂದು ನಾನೇ ಹಾಕಿದ್ದು.

ಪೂರ್ತಿ ಓದಿ ಹೇಳಿದೆ. "ಭಾರಿ ಚೆನ್ನಾಗೈತೆ," ಎಂದರು ಮುನಿಯಮ್ಮ. ಮೂವತ್ತಾರು ಸಹಿ, ಹನ್ನೊಂದು ಹೆಬ್ಬೆಟ್ಟು ಬಿದ್ದವು. ಎಣಿಸಿದ್ದು ನಾನೇ.

ಒಂದು ವಾರಕ್ಕೆ ಜ್ಞಾಪನಾಪತ್ರ ಬಂತು. ಸಾರ್ವಜನಿಕರ ತೀವ್ರ ವಿರೋಧವಿರುವ ಕಾರಣ ಸಮೀಕ್ಷೆಗೆ ಬೇರೆಯವರನ್ನು ನಿಯೋಜಿಸಲಾಗಿದೆ, ಅರ್ಜಿಯ ಉಳಿದ ಕೋರಿಕೆಯನ್ನೂ ಪಾಲಿಸತಕ್ಕದ್ದು ಎಂದಿತ್ತು. ಹೆಡ್‌ಮಾಸ್ಟರು ಜೊತೆಗೆ ಲಗತ್ತಿಸಿದ್ದ ಅರ್ಜಿಯನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಮೇಲೆ ಕಿಟಕಿಯಾಚೆ ಕಾಣುತ್ತಿದ್ದ ಎಂಟನೇ ತರಗತಿಯ ಕಪ್ಪುಹಲಗೆಯನ್ನು ನೋಡಿದರು. "ಅಕ್ಷರ ಬಹಳ ದುಂಡಗಿದೆ," ಎಂದಷ್ಟೇ ಹೇಳಿ ನನ್ನ ರಜೆಯ ಚೀಟಿಗೆ ಸಹಿ ಹಾಕಿದರು. ಅರ್ಜಿಯ ಪ್ರತಿ ನನ್ನ ಸೇವಾ ಪುಸ್ತಕ ಸೇರಿತು. ಇಪ್ಪತ್ತಾರು ವರ್ಷದಲ್ಲಿ ಅದರೊಳಗೆ ನನ್ನ ಬಗ್ಗೆ ಇರುವ ಅತ್ಯಂತ ವಿವರವಾದ ವರದಿ ಅದೇ.

ಗೆದ್ದೆ ಎಂದುಕೊಂಡು ಅವತ್ತು ಸಂಜೆ ಬಸ್ಸಿಗೆ ಹೊರಟೆ. ನಿಲ್ದಾಣಕ್ಕೆ ಕೆರೆ ಏರಿಯೇ ಹತ್ತಿರದ ದಾರಿ. ಬೂಟು, ದುರ್ಬೀನು ಹುಟ್ಟುವ ಮೊದಲಿನಿಂದಲೂ ಅದೇ ನನ್ನ ದಾರಿ. ಏರಿಯ ಬುಡದಲ್ಲಿ ಮುನಿಯಮ್ಮ ಕುಳಿತಿದ್ದರು.

"ಎಲ್ಲಿಗೆ ಮೇಡಮ್ಮೋರೆ?"

"ಬಸ್ಸಿಗೆ ಮುನಿಯಮ್ಮ."

"ರಸ್ತೇಲಿ ಹೋಗ್ರಿ. ಅರ್ಜಿ ಆಗೈತೆ."

"ಅಯ್ಯೋ, ಅದು ನಾನೇ ಬರೆದಿದ್ದಲ್ವಾ?"

"ಅದಕ್ಕೇ ಮತ್ತೆ! ನೀವೇ ಬರೆದಿದ್ದು ನೀವೇ ಮೀರಿದ್ರೆ ಇನ್ಯಾರ್ ಕೇಳ್ತಾರೆ? ನಾಳೆ ನಿಜವಾಗ್ಲೂ ಯಾರಾದ್ರೂ ಕಲ್ಲು ನೆಡೋಕೆ ಬಂದ್ರೆ ಇದನ್ನೇ ತೋರಿಸ್ತೀವಿ ನಾವು. ನಮ್ಮೂರ ಮೇಡಮ್ಮೋರನ್ನೇ ಬಿಟ್ಟಿಲ್ಲ, ನಿಮ್ಮನ್ನ ಬಿಡ್ತೀವಾ ಅಂತ."

ಏರಿಯ ಕಡೆ ಇಟ್ಟ ಕಾಲನ್ನು ಹಿಂದೆಗೆದು ರಸ್ತೆಗೆ ತಿರುಗಿದೆ. ಆಕೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅರವತ್ತು ವರ್ಷದ ಆ ಹೆಂಗಸು ನನ್ನ ವಿರುದ್ಧ ಬರೆಸಿಕೊಂಡ ಹಾಳೆಯನ್ನು ತನ್ನ ಹೊಲದ ಬೇಲಿ ಮಾಡಿಕೊಂಡಿದ್ದಳು. ನಾನು ಹಟಮಾರಿ ಎಂದು ಜೂನ್ ತಿಂಗಳಿನಿಂದ ಬೀಗುತ್ತಿದ್ದೆ. ಹಟ ಎಂದರೇನೆಂದು ಅವತ್ತು ಕಂಡೆ. ಅಂದಿನಿಂದ ರಸ್ತೆಯಲ್ಲಿ ಸುತ್ತು ಹಾಕಿ, ಎರಡು ಕಿಲೋಮೀಟರ್ ಹೆಚ್ಚಿಗೆ ನಡೆದು ಬಸ್ಸು ಹಿಡಿಯುತ್ತಿದ್ದೇನೆ. ಬೂಟು ಚೆನ್ನಾಗಿ ಪಳಗಿದೆ. ಸಾರು ಮಾತ್ರ ಮತ್ತೆ ಗಟ್ಟಿಯಾಗಿದೆ.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಯಜಮಾನರು ವಿಮಾನ ನಿಲ್ದಾಣದವರೆಗೆ ಬರುತ್ತಾರಂತೆ, ಒಪ್ಪಿ ಅಲ್ಲವಂತೆ, ಚೀಲ ಭಾರವಂತೆ. ಚೀಲದಲ್ಲಿ ಮುನಿಯಮ್ಮ ಕೊಟ್ಟ ಹುರಿಹಿಟ್ಟಿನ ಡಬ್ಬವಿದೆ. ಅದನ್ನು ಕೊಡುವಾಗ ಆಕೆ, "ಹುಷಾರಾಗ್ ಹೋಗ್ಬನ್ನಿ, ಅಲ್ಲಿ ಕಲ್ಲಿಗೆಲ್ಲ ನಂಬರ್ ಹಾಕ್ಬೇಡಿ," ಎಂದರು. ಇದೇ ಸಮಯವೆಂದು ನಾನು ನಾಲ್ಕು ದಿನದಿಂದ ಚೀಲದಲ್ಲಿಟ್ಟುಕೊಂಡಿದ್ದ ಹಾಳೆ ತೆಗೆದು ಕೊಟ್ಟೆ. ತಂತಿಯ ಮೇಲಿನ ಆ ನೀಲಕಂಠವನ್ನು ವಾಪಸು ಬಂದ ಮೇಲೆ ಒಮ್ಮೆ ನೋಡಬೇಕಾಗಿರುವುದರಿಂದ, ದುರ್ಬೀನು ಇಲ್ಲದೆ, ಚಪ್ಪಲಿಯಲ್ಲಿ, ಹತ್ತು ನಿಮಿಷ ಹೊಲಕ್ಕೆ ಬರಲು ಅನುಮತಿ ಕೋರಿ ಅರ್ಜಿ. ಮುನಿಯಮ್ಮ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನೋಡಾನ, ಎಲ್ಲಾರೂ ಸೇರ್ಬೇಕು," ಎಂದರು. ಅರುಣಾಚಲದ ಗಡಿಯೊಳಗೆ ಕಾಲಿಡುವ ಪರವಾನಗಿ ಮೂರೇ ದಿನಕ್ಕೆ ಫೋನಿಗೆ ಬಂದಿತ್ತು. ಮುನಿಯಮ್ಮನ ಹೊಲದ್ದು ಇನ್ನೂ ಬಂದಿಲ್ಲ. ಆ ತಕರಾರನ್ನು ನಾನು ಅಷ್ಟು ಚೆನ್ನಾಗಿ ಬರೆಯಬಾರದಿತ್ತು.